ಕಬಡ್ಡಿ ಅಂಕಣದ ಪಕ್ಕದಲ್ಲೊಂದು ಜಾಗ

ನನ್ನ ಗಂಡ ಹಕ್ಕಿಗಳ ಫೋಟೋ ತೆಗೆಯಬೇಕೆಂದು ಕೊಂಡ ಕ್ಯಾಮೆರಾ ಒಂದು ಬೇಸಿಗೆ ಮುಗಿಯುವಷ್ಟರಲ್ಲಿ ನನ್ನದಾಯಿತು. ಅವರು ಉಕ್ಕಿನ ಕಾರ್ಖಾನೆಯಲ್ಲಿ ಪಾಳಿ ಕೆಲಸದವರು. ಹಕ್ಕಿಗಳು ಏಳುವ ಹೊತ್ತಿಗೆ ಇವರು ಬಂದು ಮಲಗುತ್ತಿದ್ದರು. ಮುಂಗೈ ಉದ್ದದ ಲೆನ್ಸು ಬೀರುವಿನಲ್ಲಿ ನನ್ನ ರೇಷ್ಮೆ ಸೀರೆಗಳ ಪಕ್ಕ ಬೆಚ್ಚಗೆ ಕೂತಿರುವುದನ್ನು ನೋಡಲಾಗದೆ ಒಂದು ಭಾನುವಾರ ನಾನೇ ಅದನ್ನು ಹೆಗಲಿಗೇರಿಸಿಕೊಂಡೆ. ನಾನು ಹೊಸಪೇಟೆಯ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತೆ. ವಾರವಿಡೀ ಕಡತಗಳ ಮುಂದೆ ಕೂತವಳಿಗೆ ಭಾನುವಾರ ಎಲ್ಲಿಗಾದರೂ ಹೋಗಲು ಒಂದು ನೆಪ ಬೇಕಿತ್ತು.

ಕ್ಯಾಮೆರಾ ಇದ್ದವರು ನಮ್ಮ ಕಡೆ ಮೊದಲು ಹೋಗುವುದು ಹಂಪಿಗೆ. ನಾನೂ ಹೋದೆ. ಹಂಪಿಯಲ್ಲಿ ಕೆಟ್ಟ ಫೋಟೋ ತೆಗೆಯುವುದೇ ಕಷ್ಟ. ಬೆಳಕು ಚೆನ್ನ, ಬಂಡೆ ಚೆನ್ನ, ಸಾಯಂಕಾಲವಾದರೆ ಎಲ್ಲವೂ ಬಂಗಾರದ ಬಣ್ಣ. ಆದರೆ ಮನೆಗೆ ಬಂದು ನೋಡಿದರೆ ನನ್ನ ಫೋಟೋಗಳು ಬಸ್ ನಿಲ್ದಾಣದ ಗೋಡೆಯ ಮೇಲಿನ ಪ್ರವಾಸೋದ್ಯಮ ಚಿತ್ರಗಳ ಹಾಗೇ ಇದ್ದವು. ಮೂರ್ನಾಲ್ಕು ವಾರಕ್ಕೆ ಬೇಸರ ಬಂತು.

ಹಾಗೆ ಬೇಸರದಿಂದ ವಾಪಸು ಬರುವಾಗಲೇ ಕಡ್ಡಿರಾಂಪುರದಲ್ಲಿ ಒಂದು ಸಂಜೆ ಮಿರ್ಚಿ ಬಜ್ಜಿ ತಿನ್ನಲು ಸ್ಕೂಟರ್ ನಿಲ್ಲಿಸಿದೆ. ಹೋಟೆಲಿನ ಹಿಂದಿನ ಬಯಲಲ್ಲಿ ವಾಲಿಬಾಲ್ ನಡೆದಿತ್ತು. ಹೊಲದ ಕೆಲಸ ಮುಗಿಸಿ ಬಂದವರು, ಹೋಂ ಸ್ಟೇ ನಡೆಸುವವರು, ಒಬ್ಬ ಆಟೋ ಚಾಲಕ ಹೀಗೆ ಎಲ್ಲ ಕೂಡಿದ್ದರು. ಒಂದು ಕೈಯಲ್ಲಿ ಮಿರ್ಚಿ ಹಿಡಿದುಕೊಂಡೇ ನಾಲ್ಕಾರು ಸಲ ಕ್ಲಿಕ್ಕಿಸಿದೆ. ಒಂದರಲ್ಲಿ ಚೆಂಡಿಲ್ಲ, ಒಂದರಲ್ಲಿ ಆಟಗಾರನಿಲ್ಲ, ಬರೀ ನೆಟ್ ಇದೆ. ಆದರೆ ಒಂದರಲ್ಲಿ ಆ ಆಟೋ ಚಾಲಕ ನೆಲಬಿಟ್ಟು ಎದ್ದಿದ್ದ. ಖಾಕಿ ಅಂಗಿ ಹೊಟ್ಟೆಯ ಮೇಲಕ್ಕೆ ಹಾರಿತ್ತು, ಕಣ್ಣು ಚೆಂಡಿನ ಮೇಲಿತ್ತು, ಒಂದು ಚಪ್ಪಲಿ ಕಾಲು ಬಿಟ್ಟು ತನ್ನ ಪಾಡಿಗೆ ಗಾಳಿಯಲ್ಲಿತ್ತು. ಆ ರಾತ್ರಿ ಅದನ್ನು ಎಷ್ಟು ಸಲ ನೋಡಿದೆನೋ. ಅಲುಗಾಡದ ಬಂಡೆಗಳ ಮುಂದೆ ಅಷ್ಟು ದಿನ ನಿಂತವಳಿಗೆ ನನಗೆ ಬೇಕಾದ್ದು ಇದು ಎಂದು ಖಾತ್ರಿಯಾಯಿತು.

ಆಟದ ಫೋಟೋ ತೆಗೆಯುವುದು ಕಷ್ಟ ಎಂದು ಗೊತ್ತಿತ್ತು. ಆಟದ ಹತ್ತಿರ ಹೋಗುವುದು ಅದಕ್ಕಿಂತ ಕಷ್ಟ ಎಂದು ಗೊತ್ತಿರಲಿಲ್ಲ.

ಮೊದಲು ಹೋದದ್ದು ಹೊಸಪೇಟೆಯಲ್ಲೇ ನಡೆದ ಒಂದು ಕ್ರಿಕೆಟ್ ಪಂದ್ಯಾವಳಿಗೆ. ಬೌಂಡರಿ ಗೆರೆಯ ಹತ್ತಿರ ಹೋಗುತ್ತಿದ್ದಂತೆ ಎದೆಗೆ ಹೂವಿನಂಥ ಬ್ಯಾಡ್ಜ್ ಸಿಕ್ಕಿಸಿಕೊಂಡಿದ್ದ ಸಂಘಟಕರೊಬ್ಬರು ಎದುರಾದರು.

"ಯಾವ ಪೇಪರ್ ರೀ ಮೇಡಂ ನಿಮ್ದು?"

ಪೇಪರ್ ಇಲ್ಲ ಎಂದೆ. ಹಾಗಾದರೆ ಯೂಟ್ಯೂಬಾ ಎಂದು ಕೇಳಿದರು. ಅದೂ ಇಲ್ಲ ಎಂದೆ. ಅವರ ಮುಖದಲ್ಲಿ ನಿಜವಾದ ಕಾಳಜಿ ಮೂಡಿತು.

"ಮತ್ತ ಯಾಕ್ರಿ ಈ ಬಿಸಿಲಾಗ?"

ಕಲಿಯುವುದಕ್ಕೆ ಎಂದು ಹೇಳಬಹುದಿತ್ತು. ನಲವತ್ತು ದಾಟಿದ ಹೆಂಗಸು ಹಾಗೆ ಹೇಳಿದರೆ ಕೇಳುವವರಿಗೇ ಮುಜುಗರ. ಅವರು ಒಳ್ಳೆಯವರು, ಓಡಿಸಲಿಲ್ಲ. ಮರ್ಯಾದೆಯಿಂದ ಕರೆದುಕೊಂಡು ಹೋಗಿ ಶಾಮಿಯಾನದ ಕೆಳಗೆ ಮುಖ್ಯ ಅತಿಥಿಯ ಮನೆಯವರ ಪಕ್ಕ ಕುರ್ಚಿ ಹಾಕಿಸಿ ಕೂರಿಸಿದರು. ತಣ್ಣನೆಯ ಮಜ್ಜಿಗೆ ಕೊಟ್ಟರು. ಅಲ್ಲಿಂದ ಆ ಉದ್ದ ಲೆನ್ಸಿನಲ್ಲೂ ವಿಕೆಟ್ಟುಗಳು ಬೆಂಕಿಕಡ್ಡಿಯಷ್ಟೇ ಕಾಣುತ್ತಿದ್ದವು. ಮುಖ್ಯ ಅತಿಥಿಯ ಮನೆಯವರು ತಮ್ಮದೊಂದು ಫೋಟೋ ತೆಗೆಯಲು ಹೇಳಿದರು. ಅದು ಚೆನ್ನಾಗಿ ಬಂತು.

ಆಮೇಲೆ ಸಂಡೂರಿಗೆ ಹೋದೆ. ಅಲ್ಲಿನ ಒಂದು ಗಣಿ ಕಂಪನಿಯ ಕಾಲೋನಿಯೊಳಗೆ ಒಳ್ಳೆಯ ಫುಟ್‌ಬಾಲ್ ಮೈದಾನವಿದೆ, ಭಾನುವಾರ ಆಟ ಇದ್ದೇ ಇರುತ್ತದೆ ಎಂದು ಕಚೇರಿಯಲ್ಲಿ ಯಾರೋ ಹೇಳಿದ್ದರು. ಗೇಟಿನಲ್ಲಿದ್ದ ಕಾವಲುಗಾರ ನನ್ನನ್ನು ನೋಡಲಿಲ್ಲ, ಲೆನ್ಸನ್ನು ನೋಡಿದ. ಗಣಿ ಊರಿನಲ್ಲಿ ಅಷ್ಟುದ್ದದ ಲೆನ್ಸು ಹಿಡಿದುಕೊಂಡು ಬಂದವರು ಏನು ಹುಡುಕಿಕೊಂಡು ಬಂದಿದ್ದಾರೆ ಎನ್ನುವುದರ ಬಗ್ಗೆ ಅವನಿಗೆ ತನ್ನದೇ ಅಭಿಪ್ರಾಯವಿತ್ತು. ಬೆಂಗಳೂರಿನಿಂದ ಬಂದಿದ್ದೀರೇನು ಎಂದ. ಇಲ್ಲಪ್ಪ, ಹೊಸಪೇಟೆ ಎಂದೆ. ತನಿಖೆಯೇನು ಎಂದು ದನಿ ತಗ್ಗಿಸಿ ಕೇಳಿದ. ನಾನು ಆ ಚಪ್ಪಲಿ ಹಾರಿದ ಫೋಟೋ ತೋರಿಸಿದೆ. ಅವನಿಗೆ ನಗು ತಡೆಯಲಾಗಲಿಲ್ಲ. ನಗುತ್ತಲೇ ಒಳಗೆ ಫೋನ್ ಮಾಡಿದ. ಒಬ್ಬ ಅಧಿಕಾರಿ ಬೈಕಿನಲ್ಲಿ ಬಂದು ನನ್ನ ಜೊತೆ ಚಹಾ ಕುಡಿದು, ಮೇಲಿನವರ ಒಪ್ಪಿಗೆ ಇಲ್ಲದೆ ಕ್ಯಾಮೆರಾ ಒಳಗೆ ಬಿಡಲು ಬರುವುದಿಲ್ಲವೆಂದು ಬಹಳ ಸೌಜನ್ಯದಿಂದ ವಿವರಿಸಿದರು. ಗೋಡೆಯಾಚೆ ಗೋಲಾದ ಗದ್ದಲ ಕೇಳಿಸಿತು. ಇಬ್ಬರೂ ಆ ಕಡೆ ತಿರುಗಿದೆವು. ಯಾರು ಹೊಡೆದರೋ ಅವರಿಗೂ ಗೊತ್ತಾಗಲಿಲ್ಲ. ಕೆಂಪು ದೂಳು ಮೆತ್ತಿದ ಸ್ಕೂಟರಿನಲ್ಲಿ ಘಾಟಿ ಇಳಿದು ಬಂದೆ.

ಮನೆಯಲ್ಲಿ ಗಂಡ ಎಲ್ಲ ಕೇಳಿ, ನಿನಗೆ ಹಕ್ಕಿಯೇ ವಾಸಿ, ಅವು ಪೇಪರ್ ಕೇಳುವುದಿಲ್ಲ ಎಂದರು.

ಕಂಪ್ಲಿಯ ಹುಡುಗಿಯರ ಕಬಡ್ಡಿ ತಂಡದ ಬಗ್ಗೆ ಹೇಳಿದ್ದು ನಮ್ಮ ಕಚೇರಿಗೆ ಜಮೀನಿನ ಕೆಲಸಕ್ಕೆಂದು ಬಂದಿದ್ದ ಆ ಕಡೆಯ ರೈತರೊಬ್ಬರು. ಅವರ ತಮ್ಮನ ಮಗಳು ಆಡುತ್ತಿದ್ದಳು. ಶನಿವಾರ, ಭಾನುವಾರ ಬೆಳಿಗ್ಗೆ ಶಾಲೆಯ ಮೈದಾನದಲ್ಲಿ ಅಭ್ಯಾಸ ಇರುತ್ತದೆ, ಅಲ್ಲಿ ಗೇಟೂ ಇಲ್ಲ ಕಾವಲೂ ಇಲ್ಲ ಎಂದರು. ಗೇಟಿಲ್ಲದ ಮೈದಾನ ಎನ್ನುವುದೇ ನನಗೆ ಸಾಕಾಯಿತು. ಕಮಲಾಪುರ ದಾಟಿ, ಬಾಳೆತೋಟಗಳ ನಡುವೆ, ಗದ್ದೆಯ ತಂಪು ಗಾಳಿಯಲ್ಲಿ ಹಾಡಿಕೊಂಡು ಹೋದೆ.

ಗೇಟಿರಲಿಲ್ಲ. ಕೋಚ್ ಇದ್ದಳು. ನನಗಿಂತ ಹದಿನೈದು ವರ್ಷವಾದರೂ ಚಿಕ್ಕವಳು. ಹಿಂದೆ ತಾನೂ ಆಡುತ್ತಿದ್ದವಳು, ಈಗ ಬೆಳಿಗ್ಗೆ ಈ ಹುಡುಗಿಯರಿಗೆ ಕಲಿಸಿ ಮಧ್ಯಾಹ್ನ ಅಣ್ಣನ ಗೊಬ್ಬರದ ಅಂಗಡಿಯಲ್ಲಿ ಕೂರುತ್ತಿದ್ದಳು. ನಾನು ಚೀಲದಿಂದ ಕ್ಯಾಮೆರಾ ತೆಗೆಯುವುದನ್ನು ದೂರದಿಂದಲೇ ನೋಡಿ, ಸೀಟಿ ಊದಿ ಆಟ ನಿಲ್ಲಿಸಿ ನೇರ ನನ್ನ ಹತ್ತಿರ ಬಂದಳು. ಯಾವ ಪೇಪರ್ ಎಂದು ಕೇಳಲಿಲ್ಲ.

"ಹುಡುಗ್ಯಾರ ಫೋಟೋ ಬ್ಯಾಡ್ರಿ ಮೇಡಂ," ಎಂದಳು. "ಹಿಂದಕ ಒಬ್ಬವ ಹಿಂಗ ತಗೊಂಡು ಹೋಗಿ ಮೊಬೈಲ್‌ನಾಗೆಲ್ಲ ಹಾಕಿದ. ಅದರ ಕೆಳಗ ಮಂದಿ ಏನೇನೋ ಬರದ್ರು. ನಮ್ಮ ಚಲೋ ರೈಡರ್ ಒಬ್ಬಾಕಿನ್ನ ಅವರಪ್ಪ ಆಟನ ಬಿಡಿಸಿಬಿಟ್ಟ."

ಸಂಘಟಕರ ಮುಂದೆ, ಅಧಿಕಾರಿಯ ಮುಂದೆ ನನಗೆ ಅನ್ಯಾಯವಾಗುತ್ತಿದೆ ಎಂದು ಒಳಗೊಳಗೇ ಅನ್ನಿಸಿತ್ತು. ಇವಳ ಮುಂದೆ ಹಾಗನ್ನಿಸಲಿಲ್ಲ. ಅವಳ ಹಿಂದೆ ಹುಡುಗಿಯರು ಸಾಲಾಗಿ ನಿಂತು ನನ್ನ ಲೆನ್ಸನ್ನೇ ನೋಡುತ್ತಿದ್ದರು. ಒಬ್ಬಳು ಹಾರಿದ್ದ ಟೀ ಶರ್ಟನ್ನು ಕೆಳಗೆ ಎಳೆದುಕೊಂಡಳು. ನಾನು ಕ್ಯಾಮೆರಾ ಚೀಲಕ್ಕೆ ಹಾಕಿ ಜಿಪ್ ಎಳೆದೆ. ಇಷ್ಟು ದೂರ ಬಂದಿದ್ದೇನೆ, ಸುಮ್ಮನೆ ಕೂತು ನೋಡಬಹುದೇ ಎಂದು ಕೇಳಿದೆ. ನೋಡುವುದಕ್ಕೆ ಯಾರೂ ಬೇಡ ಅನ್ನುವುದಿಲ್ಲ, ಆದರೆ ಮುಂದಿನ ಸಲ ಆ ಚೀಲ ಮನೆಯಲ್ಲೇ ಇರಲಿ ಎಂದಳು.

ಮುಂದಿನ ಸಲ ಎಂದಳಲ್ಲ, ನಾನು ಅದನ್ನು ಹಿಡಿದುಕೊಂಡೆ.

ಹಾಗೆ ಸುಮಾರು ಭಾನುವಾರಗಳು ನಾನು ಬರಿಗೈಯಲ್ಲಿ ಕಂಪ್ಲಿಗೆ ಹೋದೆ. ಗಂಡ ತಲೆ ಕೆರೆದುಕೊಂಡರು. ಫೋಟೋ ಹುಚ್ಚು ಎಂದರೆ ಅರ್ಥವಾಗುತ್ತದೆ, ಫೋಟೋ ಇಲ್ಲದ ಫೋಟೋ ಹುಚ್ಚು ಎಂಥದ್ದು ಎಂದರು. ಬೇವಿನ ಮರದ ಕೆಳಗೆ ಒಂದು ಕಲ್ಲಿನ ಮೇಲೆ ಕೂತು ನೋಡುತ್ತಿದ್ದೆ. ಮೊದಮೊದಲು ಕಬಡ್ಡಿ ನನಗೆ ದೂಳಿನಲ್ಲಿ ಒದ್ದಾಡುವ ಕೈಕಾಲುಗಳ ರಾಶಿಯಾಗಿ ಕಾಣುತ್ತಿತ್ತು. ಕ್ರಮೇಣ ಬಿಡಿಸಿಕೊಳ್ಳತೊಡಗಿತು. ಎದುರಿನವರ ಅಂಕಣಕ್ಕೆ ನುಗ್ಗುವ ಹುಡುಗಿ ಮುಟ್ಟುವ ಮೊದಲು ಎಲ್ಲಿ ನೋಡುತ್ತಾಳೆ, ಹಿಡಿಯುವವರು ಯಾವಾಗ ಉಸಿರು ಬಿಗಿಹಿಡಿಯುತ್ತಾರೆ ಎಲ್ಲ ಕಾಣತೊಡಗಿತು. ತಂಡದಲ್ಲಿ ಒಬ್ಬಳು ಸಣಕಲ ಹುಡುಗಿಯಿದ್ದಳು, ಗಾಳಿಗೆ ಹಾರಿಹೋಗುತ್ತಾಳೆ ಎನ್ನುವಂತೆ. ನುಗ್ಗುವುದರಲ್ಲಿ ಅವಳೇ ಎಲ್ಲರಿಗಿಂತ ಮುಂದು. ಸಿಕ್ಕಿಬಿದ್ದಳು ಎನ್ನುವಾಗ ಅವಳು ಪ್ರತಿಸಲವೂ ಎಡಕ್ಕೇ ತಿರುಗಿ ಜಿಗಿಯುತ್ತಿದ್ದಳು. ನಾಯಕಿ ಪಕ್ಕದ ಮೆಟ್ರಿ ಊರಿನವಳು. ಗಟ್ಟಿ ಹೆಗಲಿನ, ಕಡಿಮೆ ಮಾತಿನ ಹುಡುಗಿ. ಅವಳ ಕೈಗೆ ಪಾದ ಸಿಕ್ಕಿದರೆ ಬಿಡಿಸಿಕೊಂಡು ಹೋದವರನ್ನು ನಾನು ಕಂಡಿಲ್ಲ.

ಒಂದು ದಿನ ಕೋಚ್ ನನ್ನ ಕೈಗೆ ತನ್ನ ಮೊಬೈಲ್ ಕೊಟ್ಟು, ಕೂತೇ ಇರುತ್ತೀರಲ್ಲ, ಪ್ರತಿ ರೈಡಿಗೂ ಹೊತ್ತು ನೋಡಿ ಕೂಗಿ ಎಂದಳು. ಅಂದಿನಿಂದ ಕಾಲ ನೋಡುವುದು ನನ್ನ ಕೆಲಸವಾಯಿತು. ಹುಡುಗಿಯರು ನನ್ನನ್ನು ಆಂಟಿ ಎನ್ನಲು ಶುರು ಮಾಡಿದರು. ಹೊತ್ತು ಮೀರಿತು ಎಂದು ಕೂಗಿದರೆ ಇನ್ನೂ ಇತ್ತು ಎಂದು ಜಗಳಕ್ಕೇ ಬರುತ್ತಿದ್ದರು. ಕಚೇರಿಯಲ್ಲಿ ಅಷ್ಟು ವರ್ಷದಿಂದ ನನ್ನ ಜೊತೆ ಯಾರೂ ಹಾಗೆ ಮನಬಿಚ್ಚಿ ಜಗಳ ಆಡಿರಲಿಲ್ಲ.

ದೀಪಾವಳಿ ಕಳೆದ ಮೇಲೆ ಒಂದು ಬೆಳಿಗ್ಗೆ, ಅಭ್ಯಾಸ ಮುಗಿದು ಎಲ್ಲರೂ ನೀರು ಕುಡಿಯುತ್ತಿದ್ದಾಗ, ಕೋಚ್ ತಾನಾಗಿಯೇ ಮಾತು ತೆಗೆದಳು. ಮುಂದಿನ ವಾರ ಕ್ಯಾಮೆರಾ ತನ್ನಿ ಎಂದಳು. ಅವಳ ಷರತ್ತು ಎರಡೇ. ಮೊದಲು ಪ್ರತಿ ಹುಡುಗಿಯ ಮನೆಗೂ ಹೋಗಿ ತಾಯಂದಿರ ಹತ್ತಿರ ಕೇಳಿ ಬರಬೇಕು. ತೆಗೆದ ಫೋಟೋಗಳನ್ನೆಲ್ಲ ಹುಡುಗಿಯರಿಗೆ ತೋರಿಸಬೇಕು, ಯಾರಾದರೂ ತನ್ನದು ಬೇಡ ಅಂದರೆ ಅವರ ಕಣ್ಣ ಮುಂದೆಯೇ ಅಳಿಸಬೇಕು, ಎದುರು ಮಾತಾಡಬಾರದು. ನಾನು ಎರಡಕ್ಕೂ ತಲೆಯಾಡಿಸಿದೆ. ಎರಡನೆಯದು ಸುಲಭವಾದದ್ದು ಎಂದುಕೊಂಡೆ.

ಕೋಚ್ ಜೊತೆ ಸ್ಕೂಟರಿನಲ್ಲಿ ಮನೆ ಮನೆ ತಿರುಗಿದೆ. ಹೆಚ್ಚಿನವರು ಒಪ್ಪಿದರು. ಒಂದು ಮನೆಯಲ್ಲಿ ಬೇಡ ಅಂದರು, ಆ ಹುಡುಗಿಯನ್ನು ನಾನು ಇಂದಿಗೂ ತೆಗೆದಿಲ್ಲ. ಮೆಟ್ರಿಯ ನಾಯಕಿಯ ತಾಯಿ ಮಾತ್ರ ನಾಟಿಗೆ ಹೋಗಿದ್ದರಿಂದ ಮನೆಯಲ್ಲಿ ಸಿಕ್ಕಲಿಲ್ಲ. ಅವರ ಒಪ್ಪಿಗೆಯಾಗುವ ತನಕ ತೆಗೆದದ್ದನ್ನು ಬೇರೆ ಯಾರಿಗೂ ತೋರಿಸುವುದಿಲ್ಲ ಎಂಬ ಮಾತಿನ ಮೇಲೆ ಕೋಚ್ ಒಂದು ಅಭ್ಯಾಸದ ಫೋಟೋಗಳನ್ನು ತೆಗೆಯಲು ಬಿಟ್ಟಳು. ಮರುವಾರ ಅವುಗಳನ್ನು ಹಿಡಿದುಕೊಂಡು ನೇರ ಗದ್ದೆಗೇ ಹೋದೆವು. ಆ ತಾಯಿ ಬದುವಿಗೆ ಬಂದು, ಕೆಸರು ಕೈಯನ್ನು ಹಿಂದಕ್ಕೆ ಹಿಡಿದು, ಬಗ್ಗಿ ಕ್ಯಾಮೆರಾದ ಪರದೆ ನೋಡಿದರು. ಮಗಳು ಹೊಟ್ಟೆಯ ಮೇಲೆ ನೆಲಕ್ಕೆ ಬಿದ್ದು, ಬಾಯೊಳಗೆ ಮಣ್ಣು ಹೋಗುವಂತೆ, ಯಾರದೋ ಪಾದವನ್ನು ಎರಡೂ ಕೈಯಲ್ಲಿ ತಬ್ಬಿಕೊಂಡಿದ್ದಳು. ನನಗೆ ಅಳುಕಾಯಿತು. ವಯಸ್ಸಿಗೆ ಬಂದ ಮಗಳು ಹೀಗೆ ಬಿದ್ದಿರುವುದನ್ನು ನೋಡಿ ಏನಂದಾರೋ ಎಂದು.

ಅವರು ಬಹಳ ಹೊತ್ತು ನೋಡಿದರು.

"ಹಿಡಿದಾಳೋ, ಬಿಟ್ಟಾಳೋ?" ಎಂದು ಕೇಳಿದರು.

"ಹಿಡಿದಾಳ್ರಿ," ಎಂದಳು ಕೋಚ್.

"ಹಂಗಾರ ತಗೀರಿ," ಎಂದು ಹೇಳಿ ಮತ್ತೆ ಗದ್ದೆಗಿಳಿದರು.

ಅಲ್ಲಿಂದ ಮುಂದೆ ಅಂಕಣದ ಪಕ್ಕದಲ್ಲಿ, ಗೆರೆಯಿಂದ ಎರಡು ಮಾರು ದೂರದಲ್ಲಿ, ನನಗೊಂದು ಜಾಗ ಆಯಿತು. ಅಲ್ಲಿ ಗೋಣಿಚೀಲ ಹಾಸಿ ಬೋರಲಾಗಿ ಮಲಗುತ್ತಿದ್ದೆ. ಬೋರಲಾಗಿ ಮಲಗಿದರೆ ಆಟಗಾರರು ಆಕಾಶಕ್ಕೆ ಎದ್ದಂತೆ ಕಾಣುತ್ತಾರೆ ಎಂದು ಕಂಡುಕೊಂಡಿದ್ದೆ. ಚೂಡಿದಾರದ ಮೊಣಕೈಗಳು ಸವೆದವು. ಒಮ್ಮೆ ಇಬ್ಬರು ಹುಡುಗಿಯರು ನನ್ನ ಮೇಲೆಯೇ ಬಿದ್ದರು. ಲೆನ್ಸಿಗೆ ಏನೂ ಆಗಲಿಲ್ಲ, ನಾನು ನಾಲ್ಕು ದಿನ ಕಚೇರಿಯ ಮೆಟ್ಟಿಲನ್ನು ಪಕ್ಕಕ್ಕೆ ತಿರುಗಿ ಹತ್ತಿದೆ.

ಸಂಕ್ರಾಂತಿಯ ಹೊತ್ತಿಗೆ ಹೊಸಪೇಟೆಯಲ್ಲಿ ಸುತ್ತಮುತ್ತಲ ಊರುಗಳ ಹೆಣ್ಣುಮಕ್ಕಳ ತಂಡಗಳಿಗೆ ಪಂದ್ಯಾವಳಿ ಏರ್ಪಟ್ಟಿತು. ನಾನು ತಂಡದ ಜೊತೆ ಕ್ರೂಸರ್ ಗಾಡಿಯಲ್ಲಿ ಕಂಪ್ಲಿಯಿಂದಲೇ ಹೋದೆ. ಸ್ವಂತ ಊರಿಗೆ ಹೊರ ಊರಿನವಳಾಗಿ ಹೋಗುವ ಖುಷಿಯೇ ಬೇರೆ. ಬಾಗಿಲಲ್ಲಿ ಒಬ್ಬ ಕೈ ಅಡ್ಡ ಹಾಕಿದ. ಕೋಚ್ ಹಿಂತಿರುಗಿಯೂ ನೋಡದೆ, ನಮ್ಮವರು ಎಂದು ಒಂದೇ ಮಾತು ಹೇಳಿ ಒಳಗೆ ನಡೆದಳು. ಅವನು ಕೈ ತೆಗೆದ. ನಾನು ತಿಂಗಳುಗಟ್ಟಲೆ ಹುಡುಕಿದ್ದ ಪಾಸು ಆ ಒಂದು ಮಾತಿನಲ್ಲಿತ್ತು.

ನಮ್ಮ ಹುಡುಗಿಯರು ಮಣ್ಣಿನಲ್ಲಿ ಆಡಿ ಬೆಳೆದವರು. ಇಲ್ಲಿ ಮ್ಯಾಟ್ ಹಾಸಿದ್ದರು. ಬೂಟು ಜಾರುತ್ತದೆ ಎಂದು ಎಲ್ಲರಿಗೂ ಅಂಜಿಕೆ. ಮೊದಲ ಎರಡು ಪಂದ್ಯ ಹೇಗೋ ಗೆದ್ದರು. ಸೆಮಿಫೈನಲ್ ಶುರುವಾಗುವ ಮೊದಲು ಅಂಪೈರ್ ನನ್ನನ್ನು ನೋಡಿ, ತಂಡದ ಬೆಂಚಿನಲ್ಲಿ ಕೂತವರು ಕ್ಯಾಮೆರಾ ಹಿಡಿಯುವ ಹಾಗಿಲ್ಲ, ಎರಡರಲ್ಲಿ ಒಂದು ಮಾಡಿ ಎಂದರು. ನಾನು ಎದ್ದು ಪತ್ರಿಕೆಯವರು ಕೂತಿದ್ದ ಮೂಲೆಗೆ ಹೋದೆ. ಅಲ್ಲಿದ್ದ ನರೆಗಡ್ಡದ ಛಾಯಾಗ್ರಾಹಕರೊಬ್ಬರು ಸರಿದು ಜಾಗ ಕೊಟ್ಟರು.

"ಬರ್ರಿ ಅಕ್ಕಾರ, ಇಲ್ಲಿ ಕುಂದ್ರಿ. ಇಲ್ಲಿಂದ ಎಲ್ಲಾ ಮಾರಿ ಮಸ್ತ್ ಕಾಣ್ತಾವ."

ಅದು ನಿಜವೇ. ಆದರೆ ನಾನು ಸ್ವಲ್ಪ ಹೊತ್ತು ಕೂತು, ಅವರಿಗೆ ಕೈಮುಗಿದು, ಎದುರಿನ ಮೂಲೆಗೆ ಹೋಗಿ ಮಲಗಿದೆ. ನಮ್ಮ ಸಣಕಲ ಹುಡುಗಿ ಸಿಕ್ಕಿಬಿದ್ದಾಗ ಎಡಕ್ಕೆ ತಿರುಗುತ್ತಾಳೆ ಎಂದು ನನಗೆ ಗೊತ್ತಿತ್ತು. ಆ ದಿನ ಅವಳ ಎಡ ಎಂದರೆ ನನ್ನ ಮೂಲೆ.

ಆಟ ಮುಗಿಯುತ್ತ ಬಂದಿತ್ತು, ನಾವು ಸ್ವಲ್ಪ ಹಿಂದಿದ್ದೆವು. ಅವಳು ನುಗ್ಗಿದಳು. ಒಬ್ಬಳನ್ನು ಮುಟ್ಟಿದಳು. ಹಿಂತಿರುಗುವಾಗ ಒಬ್ಬಳು ಸೊಂಟ ಹಿಡಿದಳು, ಇನ್ನೊಬ್ಬಳು ತೊಡೆ. ಅವಳು ಎಡಕ್ಕೆ ತಿರುಗಿ ಮೈಯನ್ನೆಲ್ಲ ಚಾಚಿ ನಡುಗೆರೆಯತ್ತ ಎಗರಿದಳು. ನಾನು ಕ್ಯಾಮೆರಾದ ಗುಂಡಿಯಿಂದ ಬೆರಳು ಎತ್ತಲೇ ಇಲ್ಲ. ಅವಳ ಬೆರಳ ತುದಿ ಗೆರೆ ಮುಟ್ಟಿತು. ಮೈದಾನ ಹುಚ್ಚೆದ್ದು ಕೂಗಿತು. ಆ ಒಂದು ರೈಡ್ ಗೆದ್ದೆವು, ಪಂದ್ಯ ಸೋತೆವು. ಹುಡುಗಿಯರು ಸ್ವಲ್ಪ ಅತ್ತರು. ಕೋಚ್ ಎಲ್ಲರಿಗೂ ಮಂಡಕ್ಕಿ ಒಗ್ಗರಣಿ ಕೊಡಿಸಿದ ಮೇಲೆ ಅಳು ನಿಂತಿತು.

ಇನ್ನೂ ಬಿಸಿಲಿತ್ತು, ಕ್ರೂಸರಿನಲ್ಲಿ ವಾಪಸು ಹೊರಟೆವು. ಅವರನ್ನು ಕಂಪ್ಲಿಗೆ ಮುಟ್ಟಿಸಿ ನನ್ನ ಸ್ಕೂಟರ್ ತೆಗೆದುಕೊಂಡು ಬರುವುದು ನನ್ನ ಲೆಕ್ಕ. ದಾರಿಯಲ್ಲಿ ಕ್ಯಾಮೆರಾ ಕೈಯಿಂದ ಕೈಗೆ ಹೋಯಿತು. ಇದಿರಲಿ, ಇದು ಬೇಡ, ನನ್ನ ಮೂಗು ನೋಡೇ ಎಂದು ಗದ್ದಲ. ನಾನು ಬೇಡ ಅಂದದ್ದನ್ನೆಲ್ಲ ಅಳಿಸುತ್ತ ಬಂದೆ. ಆಗ ಆ ಫೋಟೋ ಬಂತು.

ಅಂಥದ್ದನ್ನು ನಾನು ಅದಕ್ಕೂ ಮೊದಲು ತೆಗೆದಿರಲಿಲ್ಲ, ಆಮೇಲೂ ತೆಗೆದಿಲ್ಲ. ಅವಳ ಇಡೀ ಮೈ ನೆಲದಿಂದ ಒಂದು ಗೇಣು ಮೇಲಿತ್ತು. ಹಿಂದೆ ಇಬ್ಬರು ಹಗ್ಗದಂತೆ ಜೋತಿದ್ದರು. ಬಿಚ್ಚಿದ ಜಡೆ, ಅಷ್ಟೂ ಹಲ್ಲು ಕಾಣುವಂತೆ ತೆರೆದ ಬಾಯಿ, ಮುಚ್ಚಿದ ಒಂದು ಕಣ್ಣು, ಉಬ್ಬಿದ ಕತ್ತಿನ ನರ, ಗೆರೆಗೆ ಇನ್ನೇನು ತಾಗಲಿರುವ ಬೆರಳು. ಅವಳು ಕ್ಯಾಮೆರಾ ತೆಗೆದುಕೊಂಡು ನೋಡಿದಳು.

"ಇದು ಬ್ಯಾಡ್ರಿ ಆಂಟಿ. ಮಾರಿ ಹ್ಯಾಂಗ ಆಗೇತಿ ನೋಡ್ರಿ. ತಗದಬಿಡ್ರಿ."

ಎದುರು ಮಾತಾಡಬಾರದು ಎಂಬುದು ಷರತ್ತು. ಆದರೂ ಆಡಿದೆ. ಇದು ಬಹಳ ಒಳ್ಳೆಯ ಫೋಟೋ ಕಣೇ, ಇದರಲ್ಲಿ ನಿನ್ನ ಇಡೀ ಆಟ ಇದೆ ಎಂದೆ.

"ನಿಮಗ ಚಲೋ ಐತಿ," ಎಂದಳು. ಸಿಟ್ಟಿನಿಂದಲ್ಲ, ತಿಳಿಹೇಳುವ ಹಾಗೆ. "ನಂಗ ಬ್ಯಾಡ."

ಮುಂದಿನ ಸೀಟಿನಲ್ಲಿದ್ದ ಕೋಚ್ ತಿರುಗಿ ನೋಡಲಿಲ್ಲ. ಕಿಟಕಿಯಾಚೆ ಕಬ್ಬಿನ ಗಾಡಿಗಳನ್ನು ನೋಡುತ್ತಿದ್ದಳು. ಆದರೆ ಅವಳ ಕಿವಿ ಹಿಂದಕ್ಕೇ ಇತ್ತು ಎಂದು ನನಗೆ ಗೊತ್ತು. ನಾನು ಗುಂಡಿ ಒತ್ತಿದೆ. ಖಚಿತವೇ ಎಂದು ಕ್ಯಾಮೆರಾ ಇನ್ನೊಮ್ಮೆ ಕೇಳಿತು. ಅದಕ್ಕೂ ಹೌದು ಎಂದೆ. ಹುಡುಗಿ ಆಗಲೇ ಮುಂದಿನ ಫೋಟೋಗೆ ಹೋಗಿ, ಯಾರದೋ ಮುಖ ನೋಡಿ ನಗುತ್ತಿದ್ದಳು.

ಮನೆಯಲ್ಲಿ ಊಟ ಸೇರಲಿಲ್ಲ. ಗಂಡ ವಿಷಯ ತಿಳಿದು ಸಮಾಧಾನ ಹೇಳಿದರು. ಅಳಿಸಿದ್ದು ಪೂರ್ತಿ ಹೋಗಿರುವುದಿಲ್ಲ, ಕಾರ್ಡಿನಿಂದ ಮತ್ತೆ ತೆಗೆಯುವ ಸಾಫ್ಟ್‌ವೇರ್ ಇದೆ, ಕಾರ್ಖಾನೆಯ ಹುಡುಗರಿಗೆ ಹೇಳಿದರೆ ಹತ್ತು ನಿಮಿಷದ ಕೆಲಸ ಎಂದರು. ಅವರು ಒಳ್ಳೆಯದಕ್ಕೇ ಹೇಳಿದ್ದು. ನನಗೆ ಮಾತ್ರ ಅದನ್ನು ಕೇಳದಿದ್ದರೆ ಚೆನ್ನಾಗಿತ್ತು ಅನ್ನಿಸಿತು. ಆ ಕಾರ್ಡು ಮೇಜಿನ ಮೇಲೆ ಇರುವಷ್ಟು ಹೊತ್ತೂ ನನ್ನ ಕಣ್ಣು ಅದರ ಮೇಲೆಯೇ. ಯಾರಿಗೂ ತೋರಿಸದೆ ನನ್ನ ಹತ್ತಿರವೇ ಇಟ್ಟುಕೊಂಡರೆ ಏನಾಯಿತು ಎಂದೂ ಯೋಚಿಸಿದೆ. ಬೆಳಿಗ್ಗೆ ಎದ್ದು ಉಳಿದ ಫೋಟೋಗಳನ್ನು ಕಂಪ್ಯೂಟರಿಗೆ ಹಾಕಿಕೊಂಡೆ. ಆಮೇಲೆ ಕಾರ್ಡನ್ನು ಖಾಲಿ ಮಾಡಿ, ಹಿತ್ತಲಿಗೆ ಹೋಗಿ, ಅಳಿಸಿದ್ದು ಯಾವ ಸಾಫ್ಟ್‌ವೇರಿಗೂ ಮತ್ತೆ ಸಿಗದಂತೆ ಕಾರ್ಡು ತುಂಬುವ ತನಕ ತುಳಸಿ ಗಿಡದ ಫೋಟೋ ತೆಗೆದೆ. ಸ್ನಾನ ಮುಗಿಸಿ ತುಳಸಿಗೆ ನೀರು ಹಾಕಲು ಬಂದ ಅತ್ತೆ, ಸೊಸೆಗೆ ಒಮ್ಮೆಲೇ ಇಷ್ಟು ಭಕ್ತಿ ಹೇಗೆ ಬಂತು ಎಂದು ಮಗನನ್ನು ಕೇಳಿದರಂತೆ.

ಮುಂದಿನ ಭಾನುವಾರ ಕಂಪ್ಲಿಗೆ ಹೋದೆ. ಅದರ ಮುಂದಿನ ಭಾನುವಾರವೂ. ಕೋಚ್ ಈಗ ನನ್ನ ಫೋಟೋಗಳನ್ನು ತನ್ನ ಕೆಲಸಕ್ಕೂ ಬಳಸತೊಡಗಿದ್ದಳು. ಮೊಣಕಾಲು ಎಲ್ಲಿ ಬಾಗಬೇಕು, ಎಲ್ಲಿ ಬಾಗಿದೆ ಎಂದು ಹುಡುಗಿಯರಿಗೆ ತೋರಿಸಿ ಬೈಯುತ್ತಿದ್ದಳು. ಎಡಕ್ಕೇ ತಿರುಗುವ ಚಾಳಿಯನ್ನೂ ಫೋಟೋ ಇಟ್ಟುಕೊಂಡೇ ಬಿಡಿಸಲು ಹೊರಟಿದ್ದಳು. ಅದರಿಂದ ನನಗೆ ನಷ್ಟ, ತಂಡಕ್ಕೆ ಲಾಭ.

ಹೋಳಿ ಮುಗಿದ ಮೇಲೆ ಒಂದು ಬೆಳಿಗ್ಗೆ ನಾನು ಗೋಣಿಚೀಲ ಹಾಸುತ್ತಿದ್ದಾಗ ಆ ಸಣಕಲ ಹುಡುಗಿ ಬಂದು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತಳು. ಬೂಟಿನ ಲೇಸು ಕಟ್ಟುತ್ತ, ನನ್ನ ಕಡೆ ನೋಡದೆ, ಆ ಫೋಟೋ ಇದೆಯಾ ಎಂದು ಕೇಳಿದಳು. ಗೆಳತಿಯರು ಅವಳ ಮನೆಯಲ್ಲಿ ಅವಳ ಅಕ್ಕನ ಮುಂದೆ ಅದರ ಬಗ್ಗೆ ಹೇಳಿದ್ದರಂತೆ. ಅಕ್ಕ ನೋಡಬೇಕು ಅಂದಿದ್ದಳಂತೆ.

ಇಲ್ಲ, ಅಳಿಸಿದೆನಲ್ಲ ಎಂದೆ.

"ಖರೇನ ಅಳಿಸಿದ್ರಾ?" ಅವಳು ಈಗ ನನ್ನ ಮುಖ ನೋಡಿದಳು. "ನಾ ಸುಮ್ನ ಹಂಗ ಮಾಡಿರ್ತೀರಿ, ಇನ್ನೊಂದು ಇಟ್ಕೊಂಡಿರ್ತೀರಿ ಅನ್ಕೊಂಡಿದ್ದೆ."

ಇಲ್ಲ ಎಂದು ತಲೆಯಾಡಿಸಿದೆ. ಅವಳು ಲೇಸಿನ ಗಂಟು ಬಿಗಿ ಮಾಡಿ ಎದ್ದು ನಿಂತಳು.

"ಹಂಗಾರ ಈಗ ಹೋಗ್ತೀನಿ, ಹಿಡೀರಿ," ಎಂದಳು.

ಕೋಚ್ ಸೀಟಿ ಊದಿದಳು. ಅವಳು ನುಗ್ಗಿದಳು. ಮೂರು ಹೆಜ್ಜೆ ಹೋಗುವಷ್ಟರಲ್ಲಿ ಮೆಟ್ರಿಯ ನಾಯಕಿ ಅವಳ ಪಾದ ಹಿಡಿದು ನೆಲಕ್ಕೆ ಕೆಡವಿದಳು, ಉಳಿದವರೆಲ್ಲ ಮೇಲೆ ಬಿದ್ದರು. ನನಗೆ ಸಿಕ್ಕಿದ್ದು ಒಂದಿಷ್ಟು ದೂಳು, ಯಾರದೋ ಮೊಣಕೈ. ರಾಶಿಯ ಕೆಳಗಿನಿಂದ ಅವಳ ದನಿ ಕೇಳಿಸಿತು, ಬಂತೇನ್ರಿ ಎಂದು.

ಇಲ್ಲ, ಇನ್ನೊಮ್ಮೆ ಹೋಗು ಎಂದೆ.